ಆ ಕಬ್ಬು ತಿಂದವರು

ನಮ್ಮ ಮನೆಯವರು ದಪ್ಪಗಿದ್ದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅವರು ಹೋದ ಮೇಲೆ ನನ್ನನ್ನು ಮಾತಾಡಿಸಲು ಬಂದ ಹೆಂಗಸರೆಲ್ಲ ಇದನ್ನೇ ಸುತ್ತಿ ಬಳಸಿ ಹೇಳಿದರು. ‘ಮೈ ಒಂದೀಟ ಹಗೂರ ಇದ್ದಿದ್ರ ಓಡಿ ಪಾರಾಗ್ತಿದ್ರೇನೋ’ ಎಂದು ಒಬ್ಬಳು ನನ್ನ ಮುಖಕ್ಕೇ ಅಂದಳು. ಹೌದವ್ವಾ, ನಾನೇ ತಿನ್ನಿಸಿದ್ದೆ. ಮದುವೆಯಾಗಿ ಬಂದ ದಿನದಿಂದ ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿ ಹಚ್ಚಿ ಹಾಕಿದ್ದೆ. ಗಂಡನಿಗೆ ಹೊಟ್ಟೆ ತುಂಬ ಹಾಕಿದ್ದು ತಪ್ಪಾದರೆ ಆ ತಪ್ಪನ್ನು ಇನ್ನೊಂದು ಜನ್ಮದಲ್ಲೂ ಮಾಡುತ್ತೇನೆ. ತಿನ್ನುವವರೇ ಇಲ್ಲವಲ್ಲ, ಏನು ಮಾಡಲಿ.

ರಾಯಬಾಗ ತಾಲೂಕಿನಲ್ಲಿ, ಹಾರೂಗೇರಿ ಕಡೆಯಿಂದ ಹೊಲಗಳ ನಡುವೆ ಬರುವ ಒಂದು ರಸ್ತೆ ರೈಲು ಹಳಿ ದಾಟುತ್ತಿದ್ದ ಜಾಗದಲ್ಲಿ ನಮ್ಮ ಚಹಾದ ಅಂಗಡಿ ಇತ್ತು. ಆ ಜಾಗಕ್ಕೆ ಎಲ್ಲರೂ ಗೇಟು ಎನ್ನುತ್ತಿದ್ದರು. ಹೆಸರಿಗೆ ಗೇಟು ಅಷ್ಟೇ. ಅಲ್ಲಿ ಗೇಟೂ ಇರಲಿಲ್ಲ, ಗೇಟು ಹಾಕುವವನೂ ಇರಲಿಲ್ಲ. ನಿಂತು ನೋಡಿ ದಾಟಿರಿ ಎಂದು ಬರೆದ ಒಂದು ಫಲಕವಿತ್ತು, ಅದರ ಮೇಲೆ ಯಾರೋ ಗುಟಕಾ ಉಗುಳಿದ್ದರು. ಈಗ ಅಲ್ಲಿ ರೈಲ್ವೆಯವರು ಹಳಿಯ ಕೆಳಗೆ ಸಿಮೆಂಟಿನ ದಾರಿ ಮಾಡಿದ್ದಾರೆ. ಮೇಲೆ ಗಾಡಿ ತನ್ನಷ್ಟಕ್ಕೆ ಹೋಗುತ್ತದೆ, ಕೆಳಗೆ ಜನ ತಮ್ಮಷ್ಟಕ್ಕೆ ಹೋಗುತ್ತಾರೆ. ಮೊದಲೇ ಮಾಡಿದ್ದರೆ ಅವರ ಗಂಟೇನು ಹೋಗುತ್ತಿತ್ತೋ.

ಕಬ್ಬಿನ ಹಂಗಾಮು ಶುರುವಾಯಿತೆಂದರೆ ನಮ್ಮ ಅಂಗಡಿಯ ಮುಂದೆ ಜಾತ್ರೆ. ಕಾರ್ಖಾನೆ ಹಳಿಯ ಆಚೆಗಿತ್ತು, ಕಬ್ಬು ಈಚೆಗಿತ್ತು. ಲಾರಿಗಳು, ಟ್ರ್ಯಾಕ್ಟರುಗಳು ಬೆಳಗ್ಗೆಯಿಂದ ಸಂಜೆಯವರೆಗೂ ಸಾಲುಗಟ್ಟಿ ದಾಟುತ್ತಿದ್ದವು. ಒಂದೊಂದು ಟ್ರ್ಯಾಕ್ಟರಿನ ಹಿಂದೆ ಎರಡೆರಡು ಡಬ್ಬಿ. ಟ್ರೇಲರಿಗೆ ನಮ್ಮ ಕಡೆ ಡಬ್ಬಿ ಅನ್ನುವುದು. ಆ ಡಬ್ಬಿಗಳ ಮೇಲೆ ಎರಡಾಳು ಎತ್ತರಕ್ಕೆ ಕಬ್ಬು ಒಟ್ಟಿರುತ್ತಿದ್ದರು. ಹಳಿ ಇದ್ದದ್ದು ದಿಬ್ಬದ ಮೇಲೆ. ಏರಿಗೆ ಬಂದಾಗ ಹಿಂದಿನ ಭಾರಕ್ಕೆ ಟ್ರ್ಯಾಕ್ಟರಿನ ಮೂತಿ ಮೇಲಕ್ಕೆದ್ದುಬಿಡುವುದು. ಮುಂದಿನ ಎರಡು ಗಾಲಿ ಗಾಳಿಯಲ್ಲಿ, ಡ್ರೈವರು ಸ್ಟೇರಿಂಗು ಹಿಡಿದುಕೊಂಡು ಆಕಾಶ ನೋಡುವುದು. ಆಗ ಅಲ್ಲಿದ್ದ ಗಂಡಸರು ಓಡಿಹೋಗಿ ಟ್ರ್ಯಾಕ್ಟರಿನ ಮುಂದಿನ ಬಂಪರಿನ ಮೇಲೆ ಹತ್ತಿ ಕೂರುತ್ತಿದ್ದರು. ಅವರ ಭಾರಕ್ಕೆ ಮೂತಿ ಕೆಳಗೆ ಬಂದು ಗಾಲಿ ನೆಲ ಹಿಡಿಯುತ್ತಿತ್ತು. ಹಳಿ ದಾಟಿ ಆಚೆ ಇಳಿದ ಮೇಲೆ ಇವರು ಜಿಗಿದು, ಲುಂಗಿ ಝಾಡಿಸಿಕೊಂಡು ವಾಪಸ್ಸು ಬರುತ್ತಿದ್ದರು. ಇದನ್ನು ಯಾರೂ ಯಾರಿಗೂ ಕಲಿಸಿದ್ದಲ್ಲ. ನಮ್ಮ ಕಡೆ ಯಾವನ ಟ್ರ್ಯಾಕ್ಟರಿನ ಮೂತಿ ಎದ್ದರೂ ಹತ್ತಿ ಕೂರುವುದೇ. ಬಾಯಾರಿದವನಿಗೆ ನೀರು ಕೊಟ್ಟ ಹಾಗೆ, ಅದರಲ್ಲಿ ಕೇಳುವುದೇನು, ಹೇಳುವುದೇನು.

ಇಂಥ ಕೆಲಸಕ್ಕೆ ನಮ್ಮ ಮನೆಯವರಿಗಿಂತ ಬೇರೆ ಆಸಾಮಿ ಬೇಕೇ? ತೆಳ್ಳಗಿನ ಹುಡುಗರು ನಾಲ್ಕು ಜನ ಹತ್ತುವ ಕಡೆ ಇವರೊಬ್ಬರು ಸಾಕು. ಡ್ರೈವರುಗಳು ದೂರದಿಂದಲೇ ಕೂಗುತ್ತಿದ್ದರು, ‘ಕಾಕಾ, ಬರ್ರಿ, ಒಂದೀಟ ಕುಂದರ್ರಿ!’ ಇವರು ಚಹಾದ ಸೌಟು ಬಿಟ್ಟು, ಹೆಗಲ ಮೇಲಿನ ಟವೆಲ್ಲಿಗೆ ಕೈ ಒರೆಸಿಕೊಳ್ಳುತ್ತ, ಮದುವೆಮನೆಗೆ ಹೊರಟ ಬೀಗರ ಗತ್ತಿನಲ್ಲಿ ಹೋಗುತ್ತಿದ್ದರು. ನಾನು ಮಿರ್ಚಿ ಕರಿಯುತ್ತ ಕೂತವಳು ಬಿಡುತ್ತಿರಲಿಲ್ಲ.

‘ಏನ್ರಿ, ನಿಮ್ಮನ್ನ ಕರ್ಯಾಕತ್ತಾರೋ, ನಿಮ್ಮ ಹೊಟ್ಟಿನ ಕರ್ಯಾಕತ್ತಾರೋ?’

‘ನೀ ಹಾಕಿದ್ದಕ್ಕ ಬೆಲಿ ಬಂತ್ ನೋಡ. ಊರಾಗ ಯಾವಾಕಿ ಗಂಡಗ ಐತಿ ಈ ಮಾನಾ?’

ಹೀಗೆ ಹೇಳಿ, ಬಂಪರಿನ ಮೇಲೆ ಕೂತು, ನನ್ನ ಕಡೆ ತಿರುಗಿ ಕೈ ಬೀಸುತ್ತ ಹೋಗುವುದು. ಅಂಗಡಿಯಲ್ಲಿದ್ದವರೆಲ್ಲ ನಗುವುದು. ನನಗೆ ಸಿಟ್ಟು ಬಂದಂತೆ ಮುಖ ಮಾಡುತ್ತಿದ್ದೆ. ಒಳಗೊಳಗೆ ಹೆಮ್ಮೆ, ಸುಳ್ಳು ಯಾಕೆ ಹೇಳಲಿ.

ನಮಗೆ ಒಬ್ಬಳೇ ಮಗಳು. ಮಿರಜಿನಲ್ಲಿ ನರ್ಸಿಂಗು ಓದುತ್ತಿದ್ದಳು, ಕೊನೆಯ ವರ್ಷ. ದಿನಾ ಬೆಳಗಿನ ಪ್ಯಾಸೆಂಜರಿಗೆ ಹೋಗಿ ಸಂಜೆಯ ಪ್ಯಾಸೆಂಜರಿಗೆ ಬರುವುದು. ಅದು ಅಪ್‌ಡೌನ್ ಮಾಡುವವರ ಗಾಡಿ. ಆಫೀಸಿನವರು, ಕಾಲೇಜಿನವರು, ದವಾಖಾನೆಗೆ ಹೋಗುವ ಬೀಮಾರಿಯವರು, ಕಾಯಿಪಲ್ಯೆಯ ಬುಟ್ಟಿ ಇಟ್ಟುಕೊಂಡ ಹೆಂಗಸರು, ಎಲ್ಲರೂ ಒಬ್ಬರಿಗೊಬ್ಬರು ಪರಿಚಯ. ಅವರಪ್ಪ ಬೆಳಗ್ಗೆ ಬೈಕಿನ ಮೇಲೆ ಅವಳನ್ನು ಸ್ಟೇಷನ್ನಿಗೆ ಬಿಟ್ಟು ಬಂದು ಅಂಗಡಿ ತೆರೆಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಗಾಡಿ ನಮ್ಮ ಗೇಟಿಗೆ ಬರುವುದು. ಇವರು ಅಂಗಡಿಯ ಮುಂದೆ ನಿಂತು ಟವೆಲ್ಲು ಬೀಸುವುದು, ಅವಳು ಹೆಂಗಸರ ಬೋಗಿಯ ಕಿಟಕಿಯಿಂದ ಕೈ ಹೊರಗೆ ಹಾಕುವುದು. ಈಗಷ್ಟೇ ಬಿಟ್ಟು ಬಂದ ಮಗಳಿಗೆ ಮತ್ತೇನು ಟವೆಲ್ಲು ಬೀಸುವುದು ಎಂದು ನಾನು ಬೈಯುತ್ತಿದ್ದೆ. ‘ಆಕಿ ಸಿಸ್ಟರ್ ಆದಮ್ಯಾಲ ನನಗ ಸೂಜಿ ಮಾಡಾಕಿ. ಈಗಿಂದ ದೋಸ್ತಿ ಮಾಡ್ಕೋಬೇಕು’ ಎಂದು ನಗುತ್ತಿದ್ದರು. ಮಗಳು ಬಿಳಿ ಸೀರೆ ಉಟ್ಟು ದೊಡ್ಡ ದವಾಖಾನೆಯಲ್ಲಿ ಓಡಾಡುವುದನ್ನು ನೋಡಬೇಕೆಂಬುದು ಅವರಿಗಿದ್ದ ಒಂದೇ ಹುಚ್ಚು. ಈಗಿನ ಸಿಸ್ಟರುಗಳು ಸೀರೆ ಉಡುವುದಿಲ್ಲ ಎಂದು ಅವಳು ಎಷ್ಟು ಸಲ ಹೇಳಿದರೂ ಅವರ ತಲೆಗೆ ಹೋಗಲಿಲ್ಲ.

ಆ ದಿನ ಮಂಜು ಬಿದ್ದಿತ್ತು. ಕೃಷ್ಣೆಯ ಕಡೆಯಿಂದ ಒಮ್ಮೊಮ್ಮೆ ಚಳಿಗಾಲದಲ್ಲಿ ಹಾಗೆ ಮಂಜು ಬಂದು ಹೊಲದ ಮೇಲೆ ಕೂತುಬಿಡುತ್ತದೆ, ಬಿಸಿಲು ಬಂದರೂ ಏಳುವುದಿಲ್ಲ. ಅಂಗಡಿಯಿಂದ ಹಳಿ ಕಾಣುತ್ತಿರಲಿಲ್ಲ. ಒಂದು ಗಾಡಿ ಧಡಧಡ ಎಂದು ಬಂದು ಹೋಯಿತು. ಅವರು ಎಂದಿನಂತೆ ಹೊರಗೆ ಹೋಗಿ ಟವೆಲ್ಲು ಬೀಸಿದರು. ಮಂಜಿನಲ್ಲಿ ಮಗಳು ಇವರಿಗೆ ಕಾಣುವುದಿಲ್ಲ, ಇವರು ಮಗಳಿಗೆ ಕಾಣುವುದಿಲ್ಲ, ಆದರೂ ಬೀಸಿದರು. ಒಳಗೆ ಬಂದು, ‘ಹೋತ್ ನೋಡ, ಹುಡುಗಿ ಗಾಡಿ’ ಎಂದರು.

ಅದು ಹುಡುಗಿಯ ಗಾಡಿಯಾಗಿರಲಿಲ್ಲ. ತಡವಾಗಿ ಬಂದ ಯಾವುದೋ ಎಕ್ಸ್‌ಪ್ರೆಸ್ಸನ್ನು ಮುಂದೆ ಬಿಡಲು ಪ್ಯಾಸೆಂಜರನ್ನು ಸ್ಟೇಷನ್ನಿನಲ್ಲಿ ನಿಲ್ಲಿಸಿದ್ದರು. ಅದು ನಮಗೆ ಆಮೇಲೆ ಗೊತ್ತಾದದ್ದು. ನಮಗೆ ಗಡಿಯಾರ ಬೇಕಿರಲಿಲ್ಲ. ಬೆಳಗ್ಗೆ ಒಂದು ಗಾಡಿ ಹೋಯಿತು ಅಂದರೆ ಮಿರಜಿನ ಗಾಡಿ ಹೋಯಿತು, ಮತ್ತೆ ಬಹಳ ಹೊತ್ತು ಹಳಿ ಖಾಲಿ, ಇದು ನಮ್ಮ ಗೇಟಿನ ಲೆಕ್ಕ. ಅಷ್ಟೂ ವರ್ಷ ಅದು ತಪ್ಪಿರಲಿಲ್ಲ.

ಆಗ ಬಂದದ್ದು ಪಾಲಬಾವಿ ಕಡೆಯ ಟ್ರ್ಯಾಕ್ಟರು. ಡ್ರೈವರು ನಮಗೆ ಗುರುತಿನವನೇ, ದಿನಾ ನಮ್ಮಲ್ಲಿ ಚಹಾ ಕುಡಿಯುತ್ತಿದ್ದವನು. ಪಾಪ, ಅವನು ಟ್ರ್ಯಾಕ್ಟರು ನಿಲ್ಲಿಸಿ ಕೇಳಿಯೇ ಕೇಳಿದ.

‘ಕಾಕಾ, ಮಿರಜಿ ಗಾಡಿ ಹೋತೇನ್ರಿ?’

‘ಈಗ ಹೋತ್ ನೋಡಪ್ಪಾ. ನಮ್ಮ ಹುಡುಗಿ ಹೋದ್ಲ ಅದರಾಗ. ನಡಿ ನಡಿ.’

ಏರಿನ ಮೇಲೆ ಮೂತಿ ಎದ್ದಿತು. ಅವರು ಹೋದರು. ಅವರ ಜೊತೆಗೆ ಹಾಲಿನ ಕ್ಯಾನು ತಂದಿದ್ದ ಒಬ್ಬ, ಇನ್ನೊಬ್ಬ ಕಬ್ಬು ಕಡಿಯುವ ಗ್ಯಾಂಗಿನವ, ಇಬ್ಬರೂ ಹತ್ತಿದರು. ನಾನು ಆವತ್ತು ಏನೂ ಅನ್ನಲಿಲ್ಲ. ಎಣ್ಣೆ ಕಾದಿತ್ತು, ಮೆಣಸಿನಕಾಯಿ ಹಿಟ್ಟಿನಲ್ಲಿ ಅದ್ದುತ್ತಿದ್ದೆ. ಮಂಜಿನಲ್ಲಿ ಬೆನ್ನೂ ಕಾಣದ ಹಾಗೆ ಹೋದರು.

ಟ್ರ್ಯಾಕ್ಟರು ಹಳಿ ದಾಟಿತು, ಮೊದಲ ಡಬ್ಬಿಯೂ ದಾಟಿತು, ಹಿಂದಿನ ಡಬ್ಬಿಯ ಗಾಲಿ ಹಳಿಯ ಪಕ್ಕದ ಖಡಿಕಲ್ಲಿನಲ್ಲಿ ಹೂತುಕೊಂಡಿತು. ಡ್ರೈವರು ಎರಡು ಸಲ ಎಳೆದ. ಅಷ್ಟರಲ್ಲಿ ಹಾರ್ನು ಕೇಳಿಸಿತು. ಅಂಥ ಹಾರ್ನು ನಾನು ಅಲ್ಲಿವರೆಗೆ ಕೇಳಿರಲಿಲ್ಲ, ಬಿಡದೇ ಕೂಗಿತು. ‘ಇಳೀರಿ, ಓಡ್ರಿ!’ ಎಂದು ಡ್ರೈವರು ಅಂದದ್ದು ನನಗೆ ಕೇಳಿಸಿತು. ತೆಳ್ಳಗಿದ್ದ ಇಬ್ಬರೂ ಜಿಗಿದು ಓಡಿದರು. ಡ್ರೈವರೂ ಜಿಗಿದ. ಇವರೂ ಇಳಿದರು. ಇಳಿಯಲಿಲ್ಲ, ಬಂಪರಿನ ಮೇಲೆಯೇ ಕೂತಿದ್ದರು ಎಂದು ಪೇಪರಿನಲ್ಲಿ ಬರೆದಿದ್ದರು, ಸುಳ್ಳು. ಇಳಿದು ಓಡುತ್ತಿದ್ದರಂತೆ. ಗಾಡಿ ಹಿಂದಿನ ಡಬ್ಬಿಗೆ ಬಡಿದ ಹೊಡೆತಕ್ಕೆ ಮುಂದಿನ ಡಬ್ಬಿ ತಿರುಗಿ, ಮಗುಚಿ, ಅಷ್ಟೂ ಕಬ್ಬು ಅವರ ಮೇಲೆ ಬಿತ್ತು. ನಾನು ನೋಡಿದ್ದು ಏನೂ ಇಲ್ಲ. ಧಡ್ ಎಂದ ಸದ್ದು ಕೇಳಿದೆ, ಕೈಯಲ್ಲಿ ಹಿಟ್ಟು ಮೆತ್ತಿದ ಮೆಣಸಿನಕಾಯಿ ಹಾಗೇ ಇತ್ತು.

ಓಡಿದೆ. ಹಳಿಯ ಹತ್ತಿರ ಹೋದರೆ ಗಾಡಿ ಅಡ್ಡ ನಿಂತಿದೆ. ಎಂಜಿನ್ನು ಕಬ್ಬಿನ ಡಬ್ಬಿಯನ್ನು ಎಳೆದುಕೊಂಡು ಬಹಳ ಮುಂದೆ ಹೋಗಿ ನಿಂತಿತ್ತು, ಹಿಂದಿನ ಬೋಗಿಗಳು ನಮ್ಮ ದಾರಿಯ ಮೇಲೆ ನಿಂತಿದ್ದವು. ಅವರು ಆಚೆ, ನಾನು ಈಚೆ. ಎದುರಿಗೆ ಸಿಕ್ಕ ಬೋಗಿಯ ಬಾಗಿಲಿನ ಕಂಬಿ ಹಿಡಿದು ಹತ್ತಿದೆ. ಒಳಗೆ ಜನ ಕಾಲಿಡಲು ಜಾಗ ಇಲ್ಲದಂತೆ ನಿಂತಿದ್ದರು. ‘ಏ ಕಾಕು, ಎಲ್ಲಿ ನುಗ್ತಿ, ಗಾಡಿ ಇನ್ನ ಒಂದ್ ತಾಸ ಹೊಂಡೂದಿಲ್ಲ’ ಎಂದು ಒಬ್ಬ ನಕ್ಕ. ‘ಹಾಳಾತು, ಇವತ್ತ ಹಾಜರಿ ಮಸ್ಟರಿನ್ಯಾಗ ಕೆಂಪ ಗೆರಿ’ ಎಂದು ಇನ್ನೊಬ್ಬ. ಅವರನ್ನೆಲ್ಲ ತಳ್ಳಿ ಆಚೆಯ ಬಾಗಿಲಿನಿಂದ ಧುಮುಕಿದೆ.

ಕಬ್ಬಿನ ರಾಶಿ ಬಿದ್ದಿತ್ತು. ಡ್ರೈವರು, ಹಾಲಿನವ, ಗ್ಯಾಂಗಿನವ ಮೂರೂ ಜನ ಹುಚ್ಚರ ಹಾಗೆ ಕಬ್ಬು ಎಳೆದೆಳೆದು ಒಗೆಯುತ್ತಿದ್ದರು. ನಾನೂ ಎಳೆದೆ. ಕಬ್ಬಿನ ಎಲೆ ಕೈ ಕೊಯ್ಯುತ್ತಿತ್ತು. ಮೊದಲು ಟವೆಲ್ಲು ಕಂಡಿತು, ಆಮೇಲೆ ಕೈ. ಆ ಕೈಯನ್ನು ಹಿಡಿದೆ, ಬೆಚ್ಚಗಿತ್ತು. ಬದುಕಿದ್ದಾರೆ ಅಂದುಕೊಂಡು ‘ಏಳ್ರಿ, ಏಳ್ರಿ’ ಎಂದು ಜಗ್ಗಿದೆ. ಎಷ್ಟು ಹೊತ್ತು ಜಗ್ಗಿದೆನೋ. ಹಾಲಿನವ ಬಂದು ನನ್ನ ಬೆರಳು ಒಂದೊಂದಾಗಿ ಬಿಡಿಸಿದ.

ತಲೆ ಎತ್ತಿ ನೋಡುತ್ತೇನೆ, ಗಾಡಿಯಿಂದ ಇಳಿದ ಜನ ಮಂಜಿನಲ್ಲಿ ಓಡಾಡುತ್ತಿದ್ದಾರೆ. ಹಳಿಯ ಉದ್ದಕ್ಕೂ ಚೆಲ್ಲಿದ್ದ ಕಬ್ಬನ್ನು ಆರಿಸಿಕೊಳ್ಳುತ್ತಿದ್ದಾರೆ. ಒಳ್ಳೆಯ ದಪ್ಪ ಗಳ ನೋಡಿ ಆರಿಸುವುದು, ಮೊಣಕಾಲಿಗೆ ಹಚ್ಚಿ ಮುರಿಯುವುದು, ಕಿಟಕಿಯೊಳಗೆ ಕೊಡುವುದು. ನಮ್ಮ ಕಡೆ ಕಬ್ಬಿನ ಗಾಡಿಯಿಂದ ಒಂದು ಗಳ ಎಳೆದುಕೊಂಡರೆ ಅದಕ್ಕೆ ಕಳವು ಅನ್ನುವುದಿಲ್ಲ, ನಾನೂ ಚಿಕ್ಕವಳಿದ್ದಾಗ ಓಡಿ ಓಡಿ ಎಳೆದವಳೇ. ಆದರೆ ಆ ಹೊತ್ತಿಗೆ ನನಗೆ ಅದನ್ನು ನೋಡಲಾಗಲಿಲ್ಲ. ನನ್ನ ಗಂಡ ಇಲ್ಲಿ ಕಬ್ಬಿನ ಕೆಳಗೆ ಮಲಗಿದ್ದಾರೆ, ನೀವು ಅದೇ ಕಬ್ಬು ತಿನ್ನುತ್ತೀರಾ? ಎದ್ದು ನಿಂತು, ಗಂಟಲು ಹರಿಯುವ ಹಾಗೆ ಕೂಗಿದೆ.

‘ಆ ಕಬ್ಬ ತಿಂದವರ ಬಾಯಾಗ ಹುಳಾ ಬೀಳ್ಲಿ! ನಿಮ್ಮ ಮನ್ಯಾಗಿನವರನ್ನ ಹಿಂಗ ಎತ್ಲಿ! ನಿಮಗ ಎಂದೂ ಒಳ್ಳೇದಾಗೂದಿಲ್ಲ!’

ಕೆಲವರು ಕಬ್ಬು ಕೆಳಗೆ ಹಾಕಿದರು. ಕೆಲವರು ಹಾಗೇ ಬಗಲಲ್ಲಿ ಹಿಡಿದುಕೊಂಡು ಮಂಜಿನೊಳಗೆ ಸರಿದುಹೋದರು.

ಮಗಳು ಬಂದದ್ದು ಅದಾದ ಮೇಲೆ. ಮುಂದೆ ಹೆಂಗಸರ ಬೋಗಿಯಲ್ಲಿದ್ದವಳು, ಅಪ್ಪ ಫೋನು ಎತ್ತಲಿಲ್ಲವೆಂದು ಇಳಿದು ಹಳಿಯ ಪಕ್ಕ ನಡೆದುಕೊಂಡು ಬಂದಳು. ಹೆಗಲಲ್ಲಿ ಬ್ಯಾಗಿತ್ತು, ಬಿಳಿ ಕೋಟು ಮಡಿಚಿ ಕೈ ಮೇಲೆ ಹಾಕಿಕೊಂಡಿದ್ದಳು. ಅಪ್ಪನ ಪಕ್ಕ ಕೂತು, ಕಾಲೇಜಿನಲ್ಲಿ ಕಲಿಸಿದಂತೆ ಕೊರಳಿನಲ್ಲಿ ನಾಡಿ ನೋಡಿದಳು, ಕಣ್ಣು ಬಿಡಿಸಿ ನೋಡಿದಳು, ಎದೆ ಒತ್ತಿದಳು. ಒತ್ತುತ್ತಲೇ ಇದ್ದಳು. ಯಾರು ಹಿಡಿದರೂ ಬಿಡಲಿಲ್ಲ. ಅವಳ ಕಲಿಕೆಯನ್ನು ಅವರಪ್ಪ ನೋಡಬೇಕೆಂದಿದ್ದರು, ಹೀಗೆ ನೋಡಿದ ಹಾಗಾಯಿತು.

ಮರುದಿನ ಪೇಪರಿನ ಒಂದು ಮೂಲೆಯಲ್ಲಿ, ರೈಲು ಡಿಕ್ಕಿ, ಓರ್ವ ಸಾವು ಎಂದು ಬಂತು. ಓರ್ವ! ಪ್ರತಿ ಹಂಗಾಮಿನಲ್ಲಿ ಎಲ್ಲೋ ಒಂದು ಗೇಟಿನಲ್ಲಿ ಒಂದು ಲಾರಿಗೋ ಟ್ರ್ಯಾಕ್ಟರಿಗೋ ಹೀಗೆ ಆಗುತ್ತದೆ, ನಾವೂ ಓದಿ, ಅದೇ ಪೇಪರಿನಲ್ಲಿ ಭಜಿ ಕಟ್ಟಿಕೊಟ್ಟವರೇ. ನಮ್ಮದನ್ನೂ ಯಾರೋ ಎಲ್ಲೋ ಹಾಗೆ ಕಟ್ಟಿಕೊಟ್ಟಿರಬೇಕು.

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆಂಟರು, ಓಣಿಯವರು ಬುತ್ತಿ ಕಟ್ಟಿಕೊಂಡು ಬರುತ್ತಾರೆ, ಮಾತಾಡಿಸುತ್ತಾರೆ. ಮಾತಾಡಿಸುವುದು ಎಂದರೆ, ‘ಹೆಂಗಾತವಾ?’ ಎಂದು ಕೇಳುವುದು, ಮನೆಯಾಕೆ ಮೊದಲಿನಿಂದ ಹೇಳುವುದು, ಬಂದವರು ಅಳುವುದು. ಅವರು ಹೋದ ಮೇಲೆ ಮತ್ತೊಬ್ಬರು ಬಂದು ಮತ್ತೆ ಕೇಳುವುದು, ಮತ್ತೆ ಮೊದಲಿನಿಂದ ಹೇಳುವುದು. ಚಿಕ್ಕೋಡಿಯಿಂದ ಬಂದರು, ನಿಪ್ಪಾಣಿಯಿಂದ ಬಂದರು, ಅಥಣಿ ತಾಲೂಕಿನ ಅನಂತಪುರದಿಂದ ನಮ್ಮ ನಾದಿನಿ ಬಂದು ತಿಂಗಳು ಕೂತಳು. ಪ್ರತಿಯೊಬ್ಬರಿಗೂ ನಾನು ಹೇಳಿದೆ. ಎಣ್ಣೆ ಕಾದದ್ದು, ಮೂತಿ ಎದ್ದದ್ದು, ಬೆಚ್ಚಗಿದ್ದ ಕೈ. ಪ್ರತಿ ಸಲವೂ ಕೊನೆಗೆ ಆ ಕಬ್ಬಿಗೆ ಬಂದು ನಿಲ್ಲುತ್ತಿದ್ದೆ. ಯಾರ ಮೇಲೆ ಸಿಟ್ಟು ಮಾಡಲಿ? ಗಾಡಿ ತನ್ನ ಹಳಿಯ ಮೇಲೆ ತಾನು ಬಂದಿತ್ತು. ಡ್ರೈವರು ಕೇಳಿಯೇ ದಾಟಿಸಿದ್ದ. ಹೋತು ಎಂದು ಹೇಳಿದವರು ಇವರೇ. ನನಗೆ ಬೈಯಲು ಸಿಕ್ಕವರು ಆ ಕಬ್ಬು ತಿಂದವರು ಮಾತ್ರ. ‘ಅವರ ಬಾಯಾಗ ಹುಳಾ ಬೀಳ್ಲಿ’ ಎನ್ನುತ್ತಿದ್ದೆ. ‘ಬೀಳ್ತಾವ ಬಿಡವಾ, ದೇವರ ನೋಡ್ತಾನ’ ಎಂದು ಬಂದವರೂ ಕೂಡಿಸುತ್ತಿದ್ದರು. ಹಾಗೆ ಅಂದಾಗ ಎದೆಗೆ ಸ್ವಲ್ಪ ತಂಪು.

ಮಗಳು ಮೂಲೆಯಲ್ಲಿ, ಜೋಳದ ಚೀಲಕ್ಕೆ ಬೆನ್ನು ಹಚ್ಚಿ ಕೂತಿರುತ್ತಿದ್ದಳು.

ಅವಳು ಅತ್ತದ್ದನ್ನು ನಾನು ನೋಡಲಿಲ್ಲ. ಮೊದಲು ಚಹಾ ಬಿಟ್ಟಳು. ಸಕ್ಕರೆ ಹಾಕದೆ ಕೊಟ್ಟರೆ ಕುಡಿಯುತ್ತಿದ್ದಳು, ಹಾಕಿದರೆ ಲೋಟ ಹಾಗೇ. ಬೆಲ್ಲ ಮುಟ್ಟಲಿಲ್ಲ. ಹಬ್ಬಕ್ಕೆ ಹೋಳಿಗೆ ಬಡಿಸಿದರೆ ಎದ್ದುಹೋಗಿ ಹಿತ್ತಲಲ್ಲಿ ವಾಂತಿ ಮಾಡಿಕೊಂಡಳು. ಮೈಯೆಲ್ಲ ಒಣಗಿ ಕಡ್ಡಿಯಾದಳು. ದಿನಕ್ಕೆ ಎಷ್ಟು ಸಲ ಬಾಯಿ ತೊಳೆಯುತ್ತಿದ್ದಳೋ, ಉಪ್ಪು ಹಾಕಿಕೊಂಡು ಬೆರಳಿನಿಂದ ತಿಕ್ಕಿ ತಿಕ್ಕಿ ವಸಡಿನಲ್ಲಿ ರಕ್ತ ಬರುವುದು. ‘ಏನ ಆಗೇತಿ ನಿನ್ನ ಬಾಯಿಗೆ?’ ಎಂದರೆ ಮತ್ತೆ ಉಪ್ಪಿಗೆ ಕೈ ಹಾಕುವುದು. ಕಾಲೇಜಿಗೆ ಹೋಗುವ ಹೆಸರೇ ಎತ್ತಲಿಲ್ಲ. ನಾನು ಅಂದುಕೊಂಡೆ, ಅಪ್ಪನನ್ನು ತೆಗೆದುಕೊಂಡ ಗಾಡಿ, ಅದರಲ್ಲೇ ತಾನು ಕೂತಿದ್ದೆ ಎಂಬ ಸಂಕಟ, ಅದಕ್ಕೇ ಗಾಡಿಯ ಹೆದರಿಕೆ. ಊರೂ ಹಾಗೇ ಅಂದಿತು. ಯಾರೋ ತಾಯಿತ ತಂದು ಕಟ್ಟಿದರು.

ನಾದಿನಿ ದಾರಿ ಹುಡುಕಿಯೇ ಬಿಟ್ಟಳು. ‘ವೈನಿ, ಓದಿದ್ದ ಸಾಕ್ರಿ. ಕಾಗವಾಡದಾಗ ಒಂದ ಒಳ್ಳೆ ಹುಡುಗ ಅದಾನ. ಲಗ್ನಾ ಮಾಡಿದ್ರ ಎಲ್ಲಾ ಸುದ್ದ ಆಗ್ತೈತಿ.’

‘ಏನ ಸುದ್ದ ಆಗ್ತೈತಿ? ಚಹಾ ಕುಡ್ಯಾಂಗಿಲ್ಲ, ಮಾತಾಡಂಗಿಲ್ಲ, ಇಂಥಾಕಿನ ಯಾವನ ಕೊಳ್ಳಿಗೆ ಕಟ್ಟಲಿ? ಆಕಿ ಸಿಸ್ಟರ್ ಆಗೂದು ನಿಮ್ಮಣ್ಣನ ಆಸೆ. ಅದು ಆಗೂತನಾ ಲಗ್ನದ ಮಾತ ಎತ್ತಿದ್ರ ನೋಡ ಮತ್ತ.’

ನಾದಿನಿ ಮುಖ ಉಬ್ಬಿಸಿಕೊಂಡು ಊರಿಗೆ ಹೋದಳು. ನನ್ನ ಬಾಯಿಂದ ಅಷ್ಟು ಜೋರು ಬಂತು, ಒಳಗೆ ಧೈರ್ಯವಿರಲಿಲ್ಲ. ಗಂಡ ಹೋದರು. ಅಂಗಡಿ ಮುಚ್ಚಿ ಮನೆಯಲ್ಲೇ ಚಕ್ಕುಲಿ ಸುಟ್ಟು ಮಾರುತ್ತಿದ್ದೆ, ಹೊಟ್ಟೆಗೆ ತೊಂದರೆಯಿರಲಿಲ್ಲ. ಇದ್ದೊಬ್ಬ ಮಗಳು ನನ್ನ ಕಣ್ಣೆದುರಿಗೆ ಕರಗುತ್ತಿದ್ದಳು. ಇವಳೂ ಹೋದರೆ ನಾನು ಯಾರಿಗೆ ರೊಟ್ಟಿ ಬಡಿಯಲಿ ಎಂದು ಒಬ್ಬಳೇ ಕೂತು ಅತ್ತಿದ್ದೇನೆ.

ಮಳೆಗಾಲ ಕಳೆಯಿತು, ಮತ್ತೆ ಕಬ್ಬಿನ ಹಂಗಾಮು ಬಂತು. ಆಗಲೇ ಅವಳ ಕಾಲೇಜಿನ ಮೇಡಮ್ಮು ಫೋನು ಮಾಡಿ, ಈ ಸಲವೂ ಬರದಿದ್ದರೆ ಹೆಸರು ತೆಗೆಯಬೇಕಾಗುತ್ತದೆ, ಒಮ್ಮೆ ಕರೆದುಕೊಂಡು ಬರ್ರಿ ಎಂದರು. ನಾನು ಅವಳ ಮುಂದೆ ಕೂತು ಹೇಳಿದೆ. ‘ನೋಡವಾ, ನಾನೂ ನಿನ್ನ ಜೋಡಿ ಅದ ಗಾಡ್ಯಾಗ ಕುಂದರ್ತೀನಿ. ಗೇಟ ಬಂದಾಗ ನನ್ನ ಕೈ ಹಿಡಿ, ಕಣ್ಣ ಮುಚ್ಚು. ಒಂದ ಸಲ ದಾಟಿದ್ರ ಅಂಜಿಕಿ ಹೋಗ್ತೈತಿ.’ ಮರುದಿನ ಬೆಳಗ್ಗೆ ಎಬ್ಬಿಸಿದಾಗ ಎದ್ದು ತಲೆ ಬಾಚಿಕೊಂಡಳು.

ಹೆಂಗಸರ ಬೋಗಿಯಲ್ಲಿ ಅವಳ ಗುರುತಿನವರು ಜಾಗ ಮಾಡಿಕೊಟ್ಟರು. ಗಾಡಿ ಹೊರಟಿತು. ಗೇಟು ಹತ್ತಿರ ಬಂದಂತೆ ನಾನೇ ಅವಳ ಕೈ ಹಿಡಿದೆ. ಮುಚ್ಚಿದ ನಮ್ಮ ಅಂಗಡಿ, ತಗಡು ಕಿತ್ತ ಚಪ್ಪರ, ಎಲ್ಲ ಒಂದು ಗಳಿಗೆಯಲ್ಲಿ ಹಿಂದೆ ಹೋಯಿತು. ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಅವಳು ಕಣ್ಣು ಮುಚ್ಚಲಿಲ್ಲ. ಕಿಟಕಿಯಿಂದ ಅಲ್ಲಿಯೇ ನೋಡುತ್ತಿದ್ದಳು, ಹೆದರಿದವರ ಮುಖ ಅದಲ್ಲ. ಅಂಜಿಕೆ ಗಾಡಿಯದಲ್ಲ ಎಂದು ನನಗೆ ಆಗ ಗೊತ್ತಾಯಿತು. ಮತ್ತೇನದು ಎಂದು ತಿಳಿಯಲಿಲ್ಲ.

ಕುಡಚಿ ಸ್ಟೇಷನ್ನಿನಲ್ಲಿ ಒಬ್ಬ ಮುದುಕಿ ಹತ್ತಿದಳು. ಮೊಮ್ಮಕ್ಕಳಿಗೆಂದು ಒಂದು ಕಟ್ಟು ಕಬ್ಬು ತಂದಿದ್ದಳು. ನಮ್ಮ ಗಾಡಿಯಲ್ಲಿ ತಿನ್ನುವುದನ್ನು ಒಬ್ಬರೇ ಇಟ್ಟುಕೊಳ್ಳುವ ಪದ್ಧತಿಯಿಲ್ಲ. ಒಂದು ಗಳ ಮುರಿದು, ಗಿಣ್ಣು ತೆಗೆದು, ಸುತ್ತಲಿನವರಿಗೆಲ್ಲ ಒಂದೊಂದು ತುಂಡು ಕೊಡುತ್ತ ಬಂದಳು. ನನ್ನ ಮಗಳ ಮುಂದೆಯೂ ಹಿಡಿದಳು. ‘ತಗೋ ಯವ್ವಾ, ಎಷ್ಟ ಬಡಕಾಗೀದಿ.’

ನನಗೆ ಹಳೆಯದೆಲ್ಲ ಒಮ್ಮೆಲೇ ಉಕ್ಕಿ ಬಂತು. ‘ಬ್ಯಾಡ್ರಿ, ನಮಗ ಬ್ಯಾಡ. ಇದ ಗಾಡಿ ಮಂದಿ ನಮ್ಮ ಮನಿಯವರ ಹೆಣದ ಮ್ಯಾಲಿನ ಕಬ್ಬ ತಿಂದ್ರು. ತಿಂದವರ ಬಾಯಾಗ ಹುಳಾ ಬೀಳ್ಲಿ ಅಂತ ನಾ ಇನ್ನೂ ಬೇಡ್ಕೋತೀನಿ.’

‘ಬಿದ್ದಾವ ಬೇ’ ಎಂದಳು ಮಗಳು.

ಅಷ್ಟು ದಿನದಲ್ಲಿ ಅವಳಾಗಿಯೇ ಆಡಿದ ಮೊದಲ ಮಾತು. ನಾನು ತಿರುಗಿ ನೋಡಿದೆ.

‘ನಾನೂ ತಿಂದೀನಿ. ಮಂಜಿನ್ಯಾಗ ಏನೂ ಕಾಣಲಿಲ್ಲ. ಟ್ರ್ಯಾಕ್ಟರಿಗೆ ಬಡದೈತಿ, ಮಂದಿಗೆ ಏನೂ ಆಗಿಲ್ಲ ಅಂದ್ರು. ನಮ್ಮ ಗೇಟ ಐತಿ, ಅಪ್ಪ ಅಲ್ಲೇ ಇರ್ತಾನ, ಚಹಾ ತರ್ತಾನ ಅಂತ ನಾನ ಎಲ್ಲಾರಿಗೂ ಹೇಳಿದೆ. ಯಾರೋ ಕಿಟಕ್ಯಾಗ ಕಬ್ಬ ಕೊಟ್ರು. ತಿಂದೆ. ಭಾಳ ಸಿಹಿ ಐತಿ ಅಂದೆ. ಇನ್ನೊಂದ ಕೊಡ್ರಿ ಅಂತ ಕೇಳಿ ಇಸ್ಕೊಂಡ್ನಿ ಬೇ. ಆಮ್ಯಾಲ ಅಪ್ಪಗ ಫೋನ್ ಮಾಡಿದೆ. ನೀ ಅಂದಂಗ ನನ್ನ ಬಾಯಾಗ ಹುಳಾ ಬಿದ್ದಾವ. ದಿನಾ ತೊಳೀತೀನಿ, ಹೋಗವಲ್ಲವು.’

ಮಾತಾಡಿಸಲು ಬಂದು ಹೋದ ಪ್ರತಿಯೊಬ್ಬರ ಮುಂದೆ ನಾನು ಎಷ್ಟು ಶಾಪ ಹಾಕಿದೆನೋ, ಅವಳು ಆ ಜೋಳದ ಚೀಲಕ್ಕೆ ಬೆನ್ನು ಹಚ್ಚಿ ಕೂತು ಅಷ್ಟನ್ನೂ ಮೈಮೇಲೆ ಹಾಕಿಕೊಂಡಿದ್ದಳು. ನಿನಗಲ್ಲ ಮಗಾ, ನಿನಗೆ ಅಂದದ್ದಲ್ಲ ಎಂದು ಹೇಳಲು ಬಾಯಿ ತೆರೆದೆ. ಏನು ಹೇಳಿದರೂ ಅವಳು ನಂಬುವುದಿಲ್ಲ ಎಂದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು. ಆಡಿದ ಮಾತನ್ನು ಮಾತಿನಿಂದ ಹೇಗೆ ಹಿಂದಕ್ಕೆ ತೆಗೆಯಲಿ?

ಮುದುಕಿಯ ಕೈಯಲ್ಲಿದ್ದ ಕಬ್ಬಿನ ತುಂಡು ಕಸಿದುಕೊಂಡೆ. ಹಲ್ಲಿನಿಂದ ಸಿಪ್ಪೆ ಸೀಳಿ ಒಗೆದು, ದೊಡ್ಡದೊಂದು ಚೂರು ಕಚ್ಚಿ ಬಾಯಲ್ಲಿಟ್ಟುಕೊಂಡೆ. ಅವರು ಹೋದ ಮೇಲೆ ನಾನೂ ಕಬ್ಬು ಮುಟ್ಟಿರಲಿಲ್ಲ. ‘ನೋಡ, ನಾನೂ ತಿಂದೆ. ಬಿದ್ರ ಇಬ್ಬರ ಬಾಯಾಗೂ ಬೀಳ್ಲಿ’ ಎಂದೆ.

ಅವಳು ನನ್ನ ಮೇಲೆ ಬಿದ್ದಳು. ಎರಡೂ ಕೈಯಲ್ಲಿ ನನ್ನ ದವಡೆ ಹಿಡಿದು, ಬಾಯೊಳಗೆ ಬೆರಳು ಹಾಕಿ, ಹುಚ್ಚಿಯ ಹಾಗೆ ಅಳುತ್ತ ಕೂಗಿದಳು. ‘ಉಗುಳ ಬೇ! ಉಗುಳ! ನಿನಗ ಬ್ಯಾಡ, ನೀ ಉಗುಳ!’ ಅಪ್ಪ ಸತ್ತ ದಿನದಿಂದ ಬರದ ಅಳು ಅವಳಿಗೆ ಆಗ ಬಂತು.

ನಾನು ಉಗುಳಲಿಲ್ಲ. ಅವಳ ಬೆರಳು ಕಚ್ಚದ ಹಾಗೆ ನಿಧಾನಕ್ಕೆ ಅಗಿದೆ, ರಸವನ್ನೆಲ್ಲ ನುಂಗಿದೆ. ಹಾಳಾದ್ದು, ಸಿಹಿಯಾಗಿಯೇ ಇತ್ತು.